ಬಂದಾಕಿಯ ಪಾಲು

ಅಳ್ಳು ಹುರಿಯುವಾಗ ಕಣ್ಣು ಬಾಣಲೆ ಬಿಟ್ಟು ಆಚೆ ಈಚೆ ಹೋಗಬಾರದು. ಹಿಂದಿನ ದಿನವೇ ಜೋಳಕ್ಕೆ ಬಿಸಿನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ನೆರಳಲ್ಲಿ ಆರಿಸಿರಬೇಕು. ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದೊಂದೇ ಹಿಡಿ ಹಾಕಿ, ಬಟ್ಟೆ ಸುತ್ತಿದ ಕೋಲಿನಿಂದ ತಿರುವುತ್ತ ಕೂತರೆ ಮೊದಲು ಒಂದು ಕಾಳು ಜಿಗಿಯುತ್ತದೆ, ಅದರ ಹಿಂದೆ ನಾಲ್ಕು, ಆಮೇಲೆ ಎಲ್ಲವೂ ಒಟ್ಟಿಗೆ ಚಟಪಟ ಎಂದು ಬೆಳ್ಳಗೆ ಬಿರಿಯುತ್ತವೆ. ನಮ್ಮ ಕಡೆ ನಾಗರ ಪಂಚಮಿಗೆ ಈ ಜೋಳದ ಅಳ್ಳು ಬೇಕೇ ಬೇಕು. ಹೋದ ವರ್ಷ ನಾಗಪ್ಪನಿಗೆ ಹಾಲೆರೆಯುವ ಹಿಂದಿನ ದಿನ, ಮಧ್ಯಾಹ್ನದ ಹೊತ್ತು, ಹಾವೇರಿಯ ನಮ್ಮ ಮನೆಯಲ್ಲಿ ನಾನು ಎರಡನೇ ಹಿಡಿ ಹಾಕಿದ್ದೆ, ಅಷ್ಟೇ. ಫೋನು ಬಂತು.

"ಅವ್ವಾ, ಬ್ಯಾಡಗಿಯಿಂದ," ಎಂದಳು ಮಗಳು.

ಕೋಲು ಕೈಯಲ್ಲೇ ನಿಂತಿತು. ಆ ಊರಿನ ಫೋನಿಗಾಗಿ ಹದಿನೈದು ದಿನದಿಂದ ಕಾಯುತ್ತಿದ್ದವಳು ನಾನೇ. ಬಂದಾಗ ತೆಗೆದುಕೊಳ್ಳಲು ಅಂಜಿದವಳೂ ನಾನೇ.

ಬ್ಯಾಡಗಿ ನನ್ನ ತವರು. ಹಾಗಂತ ನಾನು ಹುಟ್ಟಿದ್ದು ಅಲ್ಲಲ್ಲ. ಹುಟ್ಟಿದ್ದು ಗಳಗನಾಥದಲ್ಲಿ, ಎರಡು ಹೊಳೆ ಕೂಡುವಲ್ಲಿ. ಒಬ್ಬಳೇ ಮಗಳು. ಅಪ್ಪ ಅವ್ವ ಇಬ್ಬರೂ ನನ್ನ ಮದುವೆಗೆ ಮೊದಲೇ ಹೋದರು, ಸೋದರಮಾವ ನಿಂತು ಅಕ್ಷತೆ ಹಾಕಿಸಿದ. ನನ್ನ ಯಜಮಾನರಿಗೆ ಅದು ಎರಡನೇ ಮದುವೆ. ಮೊದಲನೆಯಾಕೆ ಕಾಮಾಲೆಯಾಗಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವರಿಗೆ ನಾಲ್ಕು ವರ್ಷದ ಮಗಳಿದ್ದಳು. ಬ್ಯಾಡಗಿ ಆ ಮೊದಲನೆಯಾಕೆಯ ತವರು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಎರಡನೆಯಾಕೆಯಾಗಿ ಬಂದವಳು ಹೋದಾಕೆಯ ನೆನಪಿಗೆ ಒಂದು ಸಣ್ಣ ಚಿನ್ನದ ಬಿಲ್ಲೆಯನ್ನು ತನ್ನ ತಾಳಿಯ ಪಕ್ಕದಲ್ಲೇ ಕಟ್ಟಿಕೊಳ್ಳುತ್ತಾಳೆ. ಹೋದಾಕೆಯ ತವರಿನವರು ಬಂದು ಇವಳಿಗೆ ಉಡಿ ತುಂಬಿ, ಇವಳೂ ನಮ್ಮ ಮಗಳೇ ಎಂದು ಒಪ್ಪಿಕೊಳ್ಳುತ್ತಾರೆ. ಬಹಳ ಮನೆಗಳಲ್ಲಿ ಆ ಮಾತು ಅವತ್ತಿನ ಊಟದ ಜೊತೆಗೇ ಮುಗಿಯುತ್ತದೆ. ಬ್ಯಾಡಗಿಯ ಅವ್ವ ಮುಗಿಸಲಿಲ್ಲ. ಮದುವೆಯ ದಿನ ಹಸಿರು ಸೀರೆ, ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು ಎಲ್ಲ ತಾನೇ ನನ್ನ ಉಡಿಗೆ ಹಾಕಿದಳು. ತನ್ನ ಮಗಳ ಜಾಗದಲ್ಲಿ ಕೂತವಳಿಗೆ ಉಡಿ ತುಂಬುವುದೆಂದರೆ ಸಣ್ಣ ಮಾತೇ? ಗಂಟು ಕಟ್ಟಿದ ಮೇಲೆ ನನ್ನ ಗಲ್ಲ ಹಿಡಿದು, "ನೋಡವಾ, ತವರಿಲ್ಲದಾಕಿ ಅಂತ ನಿನಗ ಯಾರೂ ಅನ್ನಬಾರದು. ನಾ ಇರೂತನಕ ಅನ್ನಗೊಡಂಗಿಲ್ಲ," ಎಂದಳು.

ಹದಿನೈದು ಪಂಚಮಿ ಆ ಮಾತು ನಡೆಸಿದಳು. ಶ್ರಾವಣ ಹತ್ತಿರ ಬಂತೆಂದರೆ ಮಗನನ್ನು ಕರೆಯಲು ಕಳಿಸುತ್ತಿದ್ದಳು. ಆತ ನನ್ನನ್ನು ಮೊದಲ ವರ್ಷವೇ ಅಕ್ಕ ಎಂದ, ಹಾಗೇ ಉಳಿದುಬಿಟ್ಟಿತು. ಹಾಲೆರೆಯುವ ದಿನ ಓಣಿಯ ತುದಿಯ ಬೇವಿನ ಗಿಡದ ಕೆಳಗೆ, ಕಲ್ಲಿನ ನಾಗಪ್ಪನ ಮುಂದೆ ಅವ್ವ ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು ಕೂತುಕೊಳ್ಳುತ್ತಿದ್ದಳು. ನಮ್ಮಲ್ಲಿ ಹಾಲು ಸುಮ್ಮನೆ ಸುರಿಯುವುದಿಲ್ಲ, ಮನೆಯವರ ಒಬ್ಬೊಬ್ಬರ ಪಾಲು ಹೇಳಿ ಹೇಳಿ ಎರೆಯುತ್ತೇವೆ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು. ಸತ್ತವರು, ಇದ್ದವರು ಎಂಬ ಭೇದ ಆ ಸಾಲಿಗೆ ಇಲ್ಲ. ಮಗನ ಪಾಲು, ಸೊಸೆಯ ಪಾಲು ಆದ ಮೇಲೆ ಅವ್ವ ಸ್ವಲ್ಪ ತಡೆದು, "ಹೋದಾಕಿ ಪಾಲು," ಎಂದು ಎರೆಯುವಳು. ಅದರ ಬೆನ್ನಿಗೇ, ಉಸಿರು ತೆಗೆದುಕೊಳ್ಳದೆ, "ಬಂದಾಕಿ ಪಾಲು."

ಬಂದಾಕಿ ಎಂದರೆ ನಾನು. ವರ್ಷಕ್ಕೊಮ್ಮೆ ಆ ಎರಡು ಹನಿ ಹಾಲಿಗಾಗಿ ನಾನು ಎಷ್ಟು ದೂರವಾದರೂ ಹೋಗುತ್ತಿದ್ದೆ. ಬ್ಯಾಡಗಿಯೋ ಇಲ್ಲೇ, ಒಂದು ತಾಸಿನ ದಾರಿ. ಅದೂ ದೇವರ ದಯೆಯೇ.

ಹೋದ ವರ್ಷ ಕಾರಹುಣ್ಣಿವೆ ಕಳೆದ ವಾರಕ್ಕೆ ಅವ್ವ ತೀರಿಕೊಂಡಳು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಕೂತವಳು ಗೋಡೆಗೆ ಒರಗಿ ಹಾಗೇ ಹೋದಳಂತೆ. ಯಾರ ಕೈಯಲ್ಲೂ ಒಂದು ಲೋಟ ನೀರು ಬೇಡಲಿಲ್ಲ. ಅದನ್ನೂ ದಯೆ ಎಂದೇ ಎಣಿಸಿಕೊಂಡೆ. ನಾವು ಮೂವರೂ ಹೋದೆವು. ಹೆಂಗಸರ ನಡುವೆ ಕೂತು ಅಳುತ್ತಿದ್ದಾಗ ನನ್ನ ಹಿಂದೆ ಯಾರೋ ಮುದುಕಿ ಕೇಳಿದಳು, "ಈಕಿ ಯಾರ ಬೇ? ಭಾಳ ಅಳಾಕತ್ತಾಳ."

"ಅಳಿಯನ ಎರಡನೇ ಹೇಣ್ತಿ ತಗಿ."

ಅವರು ಸುಳ್ಳೇನೂ ಹೇಳಲಿಲ್ಲ. ಆದರೆ ನನ್ನ ಅಳು ಅಲ್ಲಿಗೇ ನಿಂತಿತು. ಅಳುವುದಕ್ಕೂ ನನಗೆ ಹಕ್ಕಿದೆಯೋ ಇಲ್ಲವೋ ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತೆ.

ಆಷಾಢ ಮುಗಿಯಿತು. ಕರೆ ಬರಲಿಲ್ಲ. ನನಗಿರಲಿ, ಮಗಳಿಗೂ ಬರಲಿಲ್ಲ. ಅವಳು ಅವರ ರಕ್ತ. ಅವಳನ್ನೇ ಕರೆಯಲಿಲ್ಲವೆಂದರೆ ನನ್ನದೇನು? ರಾಣೆಬೆನ್ನೂರಿನ ನನ್ನ ನಾದಿನಿ, ಯಜಮಾನರ ಅಕ್ಕ, ಹಬ್ಬದ ಮುಂಚೆ ಒಮ್ಮೆ ಬಂದಳು. ಆಕೆಯ ಮಾತು ಯಾವಾಗಲೂ ನೇರ.

"ಈ ಸಲ ತವರಿಗೆ ಹೊಂಟಿಲ್ಲೇನವಾ?"

"ಇನ್ನೂ ಕರದಿಲ್ರಿ ಅಕ್ಕಾರ."

"ಕರೀತಾರ ಕರೀತಾರ, ದಾರಿ ನೋಡಕೋತ ಕುಂದ್ರು. ಸತ್ತಾಕಿ ತವರು ಸತ್ತಾಕಿ ಅವ್ವನ ಸಂಗಾಟನ ಹೋತು. ನಿನ್ನ ಆ ತಮ್ಮನ ಹೇಣ್ತಿಗೆ ನೀ ಏನಾಗಬೇಕು, ಹೇಳು?"

ಚಹಾಕ್ಕೆ ಸಕ್ಕರೆ ಹಾಕಿದ್ದೇನೋ ಇಲ್ಲವೋ ಎಂದು ನೋಡುವ ನೆಪದಲ್ಲಿ ಒಳಗೆ ಹೋದೆ. ಆ ದಿನಗಳಲ್ಲಿ ಪೂಜೆಗೆ ಕೂತರೂ ಮನಸ್ಸು ಕೂರುತ್ತಿರಲಿಲ್ಲ. ಮಧ್ಯಾಹ್ನ ಮಲಗಿದರೆ ಅದೇ ಓಣಿ, ಅದೇ ಬೇವಿನ ಗಿಡ, ಕೊಬ್ಬರಿ ಬಟ್ಟಲಿನ ಹಾಲು. ಅವ್ವ ಪಾಲು ಹೇಳುತ್ತ ಬರುತ್ತಾಳೆ, ನನ್ನ ಹತ್ತಿರ ಬರುವಷ್ಟರಲ್ಲಿ ಕಣ್ಣು ತೆರೆದುಬಿಡುತ್ತದೆ.

ಯಜಮಾನರು ಒಂದು ದಿನ ಕೇಳಿದರು, "ನೀನ ಒಂದು ಫೋನ್ ಹಚ್ಚಿದ್ರ ಏನ್ ಗಂಟು ಹೋಗತೈತಿ?"

"ಕೇಳಿ ಕರಿಸಿಕೊಂಡ್ರ ಅದು ತವರೇನ್ರಿ?" ಎಂದೆ. ಆಮೇಲೆ ಅವರು ಆ ಮಾತು ತೆಗೆಯಲಿಲ್ಲ.

ಇಷ್ಟು ಮನಸ್ಸಿನಲ್ಲಿ ಇಟ್ಟುಕೊಂಡು ಅಳ್ಳು ಹುರಿಯುತ್ತಿದ್ದವಳಿಗೆ ಆ ಫೋನು ಬಂದದ್ದು. ಒಲೆ ಸಣ್ಣ ಮಾಡಿ ಕಿವಿಗೆ ಹಿಡಿದೆ. ತಮ್ಮನ ಹೆಂಡತಿ.

"ಯಕ್ಕಾ, ಎಲ್ಲದೀರಿ? ಬಸ್ಸಿನ್ಯಾಗ?"

"ಇಲ್ಲವಾ, ಮನ್ಯಾಗ ಅದೀನಿ. ಅಳ್ಳು ಹುರ್ಯಾಕತ್ತೇನಿ."

"ಅಯ್ಯ ಶಿವನ! ಇನ್ನೂ ಮನ್ಯಾಗ? ನಿಮ್ಮ ತಮ್ಮ ಮುಂಜಾನಿಂದ ಎರಡು ಸಲ ಬಸ್ ಸ್ಟ್ಯಾಂಡಿಗೆ ಹೋಗಿ ಬಂದಾರ. ಕರ್ಚಿಕಾಯಿ ಹೂರಣ ಮಾಡಿ ಇಟಗೊಂಡು ಕುಂತೇನಿ, ಬಾಣಲಿ ಒಲಿ ಮ್ಯಾಲೆ ಏರಿಲ್ಲ. ಹುಡುಗರು ನನ್ನ ತಿಂತಾವ ಇವತ್ತ."

"ಕರೀಲಿಲ್ಲಲ್ಲವಾ ನೀವು," ಎಂದೆ. ದನಿ ನನ್ನದೇ ಅನ್ನಿಸಲಿಲ್ಲ.

"ಏನ್ ಮಾತ್ರಿ ಯಕ್ಕಾ ಇದು? ಸಾವಾದ ಮನ್ಯಾಗಿಂದ ಹಬ್ಬಕ್ಕ ಯಾರರ ಕರೀತಾರ? ಮಗಳು ತಾನಾಗಿ ಬರ್ತಾಳ, ಬಂದು ಬಾಣಲಿ ಇಡ್ತಾಳ. ಈ ಮನಿಗೆ ಮತ್ತ ಯಾವ ಮಗಳು ಅದಾಳ್ರಿ?"

ಹೌದು. ಸಾವಾದ ಮನೆಯಲ್ಲಿ ಮೊದಲ ದೊಡ್ಡ ಹಬ್ಬ ಬರುವ ತನಕ ಕರಿಯುವ ಎಣ್ಣೆ ಒಲೆಗೆ ಏರುವುದಿಲ್ಲ. ಆ ಮನೆಯಿಂದ ಕೊಟ್ಟ ಮಗಳು ಬಂದು ಮೊದಲ ಬಾಣಲೆ ಇಟ್ಟರೇ ಹಬ್ಬ ಶುರು. ಆಕೆಯನ್ನು ಯಾರೂ ಕರೆಯುವುದಿಲ್ಲ, ಆಕೆಯೇ ಬರಬೇಕು. ಇದು ನನಗೆ ಗೊತ್ತಿಲ್ಲದ್ದಲ್ಲ. ನಮ್ಮ ಓಣಿಯಲ್ಲಿ ಎಷ್ಟು ಹೆಣ್ಣುಮಕ್ಕಳು ಹಾಗೆ ಎಣ್ಣೆಯ ಡಬ್ಬಿ ಹಿಡಿದು ತವರಿಗೆ ಹೋದದ್ದನ್ನು ಕಂಡಿದ್ದೇನೆ. ಆ ಪದ್ಧತಿ ನನಗೂ ಹತ್ತುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ. ನಾನು ಕರೆ ಬರಲಿ ಎಂದು ಇಲ್ಲಿ ಕೂತಿದ್ದೆ, ಅವರು ಮಗಳು ಬರಲಿ ಎಂದು ಅಲ್ಲಿ ಕೂತಿದ್ದರು. ನನ್ನನ್ನು ಹೊರಗೆ ನಿಲ್ಲಿಸಿದವಳು ನಾನೇ.

ತಮ್ಮ ಫೋನು ಕಸಿದುಕೊಂಡ. "ಯಕ್ಕಾ, ಜಗಳ ಇಲ್ಲಿ ಬಂದು ಮಾಡು. ಮೊದಲ ಬಸ್ ಹತ್ತು."

ಬಾಣಲೆಯಲ್ಲಿದ್ದ ಹಿಡಿ ಜೋಳ ಅಷ್ಟರಲ್ಲಿ ಕರ್ರಗಾಗಿತ್ತು. ಯಜಮಾನರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಈ ಜೋಳ ಏನ್ ಮಾಡ್ಲಿ?" ಎಂದೆ.

"ಜೋಳ ಎಲ್ಲೂ ಓಡಿ ಹೋಗಂಗಿಲ್ಲ. ನೀ ಓಡು."

ಎಣ್ಣೆಯ ಡಬ್ಬಿ, ಒಂದು ಸೀರೆ, ಮಗಳ ಕೈ. ಹೊರಟದ್ದು ಅಷ್ಟೇ ಹಿಡಿದು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಜಿಟಿಜಿಟಿ ಮಳೆ, ಎರಡೂ ಬದಿಗೆ ಆಳೆತ್ತರದ ಗೋವಿನಜೋಳ, ಗಾಜಿನ ಮೇಲೆ ಇಳಿಯುವ ನೀರಿನಲ್ಲಿ ಹಸಿರೆಲ್ಲ ಕರಗಿ ಹರಿಯುವಂತೆ ಕಾಣುತ್ತಿತ್ತು. ಮಗಳು ನನ್ನ ಹೆಗಲ ಮೇಲೆ ನಿದ್ದೆ ಹೋದಳು. ನನಗೂ ಕಣ್ಣು ಎಳೆಯಿತು.

ಮುಂದಿನ ಸೀಟಿನಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು. ಹಬ್ಬಕ್ಕೆ ಹೊರಟವಳ ಹಾಗೆ ಕೈತುಂಬ ಬಳೆ, ತೊಡೆಯ ಮೇಲೆ ಚೀಲ. ಮುಖ ಕಾಣುತ್ತಿರಲಿಲ್ಲ. ಆದರೂ ನನಗೆ ಗೊತ್ತಿತ್ತು. ನಮ್ಮ ಮನೆಯ ಗೋಡೆಯ ಮೇಲಿನ ಫೋಟೋಕ್ಕೆ ದಿನಾ ಹೂವು ಏರಿಸುವವಳು ನಾನೇ ತಾನೇ. ಒಂದು ಮಾತಾಡಿಸಬೇಕೆಂದು ಎದ್ದು ನಿಂತಂತೆ ಆಯಿತು. ಏನೆಂದು ಮಾತಾಡಿಸಲಿ? ನಿನ್ನ ತವರಿಗೆ ಹೊರಟಿದ್ದೇನೆ, ಬರಲೇ ಎಂದು ಕೇಳಲೇ? ಆಕೆ ತಿರುಗಿ ನೋಡಲಿಲ್ಲ. ಚೀಲ ಎತ್ತಿಕೊಂಡು ಕಿಟಕಿಯ ಕಡೆ ಸ್ವಲ್ಪ ಸರಿದು ಕೂತಳು, ಪಕ್ಕದಲ್ಲಿ ಒಬ್ಬರು ಕೂಡುವಷ್ಟು ಜಾಗವಾಯಿತು.

"ಮೋಟೆಬೆನ್ನೂರ! ಯಾರ್ ಇಳೀತೀರಿ?" ಕಂಡಕ್ಟರ್ ಕೂಗಿದ. ಕಣ್ಣು ತೆರೆದರೆ ಮುಂದಿನ ಸೀಟಿನಲ್ಲಿ ಯಾರದೋ ಮೂಟೆ. ಕೊರಳಿಗೆ ಕೈ ಹೋಯಿತು. ತಾಳಿ, ಬಿಲ್ಲೆ ಎರಡೂ ಒಂದಕ್ಕೊಂದು ತಾಗಿಕೊಂಡು ಬೆಚ್ಚಗಿದ್ದವು. ಬಸ್ಸು ಹೆದ್ದಾರಿ ಬಿಟ್ಟು ಬ್ಯಾಡಗಿಯ ಕಡೆ ತಿರುಗಿತು. ಊರು ಇನ್ನೂ ದೂರ ಇರುವಾಗಲೇ ಮೆಣಸಿನಕಾಯಿ ಘಾಟು ಕಿಟಕಿಯಿಂದ ಬಂದು ಮಗಳಿಗೆ ಸೀನು ಬಂತು. "ಬಂತು ಅಜ್ಜಿ ಊರು," ಎಂದಳು ಕಣ್ಣು ಮುಚ್ಚಿಕೊಂಡೇ.

ಬಸ್ ಸ್ಟ್ಯಾಂಡಿನಲ್ಲಿ ತಮ್ಮ ನಿಂತಿದ್ದ. ಮೂರನೇ ಸಲ. ಜಗಳವನ್ನೂ ಮಾಡಲಿಲ್ಲ, ಕುಶಲವನ್ನೂ ಕೇಳಲಿಲ್ಲ. ಎಣ್ಣೆಯ ಡಬ್ಬಿ ನನ್ನ ಕೈಯಿಂದ ತೆಗೆದುಕೊಂಡು ಮುಂದೆ ನಡೆದ.

ಅವ್ವನ ಒಲೆಯ ಮುಂದೆ ನಿಂತೆ. ದೇವರಿಗೆ ಕೈಮುಗಿದು ಬಾಣಲೆ ಇಟ್ಟೆ, ಎಣ್ಣೆ ಹೊಯ್ದೆ. ಮೊದಲ ಕರ್ಚಿಕಾಯಿ ಬಿಟ್ಟಾಗ ಸುಯ್ಯೆಂದಿತು ನೋಡಿ, ಒಂದೂವರೆ ತಿಂಗಳಿಂದ ಸಪ್ಪಗಿದ್ದ ಮನೆಗೆ ಒಮ್ಮೆಲೇ ವಾಸನೆ ಹತ್ತಿತು. ತಮ್ಮನ ಮಕ್ಕಳು ಅಡುಗೆಮನೆಗೆ ನುಗ್ಗಿದರು. "ಸರೀರಿ, ಎಣ್ಣಿ ಸಿಡೀತೈತಿ!" ಎಂದು ನಾನು ಗದರಿಸಿದೆ. ತಮ್ಮನ ಹೆಂಡತಿ ನಗುತ್ತ ಕಣ್ಣು ಒರೆಸಿಕೊಂಡಳು. "ಖರೇ ಅತ್ತಿ ಬೈದಂಗ ಆತು ನೋಡ್ರಿ."

ಮರುದಿನ ಬೇವಿನ ಗಿಡದ ಕೆಳಗೆ ಕೊಬ್ಬರಿ ಬಟ್ಟಲನ್ನು ಆಕೆ ನನ್ನ ಕೈಗೇ ಕೊಟ್ಟಳು. "ಸಾಲು ನನಗ ಸರಿಯಾಗಿ ಬರಂಗಿಲ್ಲ. ನೀವ ಹೇಳ್ರಿ ಯಕ್ಕಾ."

ಹೇಳಿದೆ. ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು. ಯಾವ ಅವ್ವ ಎಂದು ನಾಗಪ್ಪ ಕೇಳಲಿಲ್ಲ, ನಾನೂ ಬೇರೆ ಮಾಡಲಿಲ್ಲ. ತಮ್ಮನ ಪಾಲು, ಅವನ ಹೆಂಡತಿಯ ಪಾಲು. "ಹೋದಾಕಿ ಪಾಲು." ಹಾಲು ಕಲ್ಲಿನ ಹೆಡೆಯ ಮೇಲೆ ಇಳಿಯಿತು. ಅಲ್ಲಿಂದ ಸೀದಾ ಮಕ್ಕಳ ಪಾಲಿಗೆ ಹೊರಟೆ.

"ಯಕ್ಕಾ," ಎಂದ ತಮ್ಮ. ಗಂಡಸರು ನಿಲ್ಲುವ ಕಡೆ, ಸ್ವಲ್ಪ ದೂರ ನಿಂತಿದ್ದ. "ಒಂದು ಪಾಲು ಬಿಟ್ಟಿ."

"ಯಾವುದಪ್ಪ?"

"ಗೊತ್ತಿದ್ದೂ ಕೇಳತಿಯಲ್ಲ."

ನಾನು ತಲೆ ಎತ್ತಲಿಲ್ಲ. ನನ್ನ ಪಾಲು ನಾನೇ ಹೇಗೆ ಹೇಳಿಕೊಳ್ಳಲಿ? ಅವತ್ತು ಸಾವಿಗೆ ಬಂದಿದ್ದ ಓಣಿಯ ಹೆಂಗಸರೆಲ್ಲ ಹಾಲಿನ ತಂಬಿಗೆ ಹಿಡಿದು ಸುತ್ತ ನಿಂತಿದ್ದರು. ಅವರ ನಡುವೆ ಅವನು ದೊಡ್ಡ ದನಿಯಲ್ಲಿ, ಅವ್ವ ಹೇಳುತ್ತಿದ್ದ ಹಾಗೇ, "ಬಂದಾಕಿ ಪಾಲು," ಎಂದ.

ಎರೆದೆ. ಬಟ್ಟಲಲ್ಲಿ ಮಕ್ಕಳಿಗೆ ಆಗುವಷ್ಟು ಹಾಲು ಇನ್ನೂ ಇತ್ತು. ಅದೂ ದಯೆ.

ಸಂಜೆ ಹಾವೇರಿಗೆ ಬಂದಿಳಿದಾಗ ಮಳೆ ನಿಂತಿತ್ತು. ತಮ್ಮನ ಹೆಂಡತಿ ಕಟ್ಟಿಕೊಟ್ಟ ಕರ್ಚಿಕಾಯಿ ಗಂಟನ್ನು ಯಜಮಾನರು ಬಾಗಿಲಲ್ಲೇ ಬಿಚ್ಚಿದರು. ಒಂದನ್ನು ಬಾಯಿಗೆ ಹಾಕಿಕೊಂಡು, "ನಾನೂ ಒಂದು ಹಿಡಿ ಹುರದ್ನಿ," ಎಂದರು. ಮೊರದಲ್ಲಿ ನೋಡಿದೆ. ಮೂರು ಕಾಳು ಅರಳಿದ್ದವು, ಉಳಿದವು ಇದ್ದಿಲು. ಮಗಳು ಬಿದ್ದು ಬಿದ್ದು ನಕ್ಕಳು.

ಉಳಿದ ಜೋಳ ಬಟ್ಟೆಯ ಗಂಟಿನಲ್ಲಿ ಹಾಗೇ ಇತ್ತು. ಕೈಕಾಲು ತೊಳೆದು, ದೀಪ ಹಚ್ಚಿ, ಬಾಣಲೆ ಒಲೆಗೆ ಇಟ್ಟೆ. ಕಾಯಿತೋ ಇಲ್ಲವೋ ನೋಡಲು ನಾಲ್ಕು ಕಾಳು ಹಾಕಿ, ಬಟ್ಟೆ ಸುತ್ತಿದ ಕೋಲು ಕೈಗೆ ತೆಗೆದುಕೊಂಡೆ.