ಸಂಖ್ಯೆಯ ಕೊನೆಯ ‘ರಿ’

ಆ ಭಾನುವಾರ ಸಿಂದಗಿಯಿಂದ ಮೊದಲ ಬಸ್ಸು ಹಿಡಿದು ಬಸವನ ಬಾಗೇವಾಡಿಗೆ ಹೋದೆ. ಹಿಂದಿನ ದಿನವೆಲ್ಲ ಶಾಲೆಯ ಉತ್ತರಪತ್ರಿಕೆ ತಿದ್ದಿ ಕಣ್ಣು ಉರಿಯುತ್ತಿದ್ದವು. ಬಸ್ಸಿನಲ್ಲಿ ನಿದ್ದೆ ಮಾಡಬೇಕೆಂದುಕೊಂಡಿದ್ದೆ, ಕೂಡಲು ಜಾಗ ಸಿಕ್ಕಿದ್ದು ಹೂವಿನ ಹಿಪ್ಪರಗಿ ದಾಟಿದ ಮೇಲೆ. ಒಂಬತ್ತಕ್ಕೆ ಸ್ಪರ್ಧೆ ಶುರುವಾಗುವುದಿತ್ತು. ಅದು ನನ್ನ ಮೊದಲ ರೇಡಿಯೊ ಸ್ಪರ್ಧೆ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆಯಿಂದ ಮನೆಗೆ ತಂತಿಯಿಲ್ಲದೆ ಮಾತಾಡುವ ಹ್ಯಾಮ್ ರೇಡಿಯೊ ಎಂಬ ಹವ್ಯಾಸ ನನಗೆ ಹಿಡಿದದ್ದು ಬಾಗೇವಾಡಿಯ ಒಬ್ಬ ಹಿರಿಯರಿಂದ. ಟೆಲಿಗ್ರಾಂ ಕಳಿಸುವ ತಾರ್ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಊರವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೇಜಿನ ಮೇಲೆ ಬೆರಳಿನಿಂದ ಬಡಿದು ಬಡಿದು ಮೋರ್ಸ್ ಸಂಕೇತ ಕಲಿಸಿದವರು ಅವರೇ. ಪರೀಕ್ಷೆ ಬರೆದು ಒಂದೂವರೆ ವರ್ಷಕ್ಕೆ ನನ್ನ ಲೈಸೆನ್ಸ್ ಬಂತು. ಅಷ್ಟರಲ್ಲಿ ಕಾಕಾನ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿಗೆ ಹತ್ತಿರ ಹೋಗಿ ಕೂಗಬೇಕಾಗಿತ್ತು.

ಸ್ಪರ್ಧೆಗೆ ತಿಂಗಳಿರುವಾಗ ಅವರು ನನ್ನನ್ನು ಕರೆಸಿ ಹೇಳಿದ್ದು ಇಷ್ಟು: “ಮೂರು ವರ್ಷ ಆತು ತಂಗಿ, ನನ್ನ ಲಾಗ್ ಕೆಂಪು ಗೆರಿ ಇಲ್ಲದ ತಿರುಗಿ ಬಂದಿಲ್ಲ. ಕಿವಿ ತಪ್ಪು ಕೇಳ್ತಾವು, ಕೈ ಅದನ್ನ ಬರೀತೈತಿ. ಒಮ್ಮೆ, ಒಂದ ಒಮ್ಮೆ, ಈ ಮನಿಯಿಂದ ಒಂದೂ ಗೆರಿ ಇಲ್ಲದ ಲಾಗ್ ಹೋಗಬೇಕು. ಆಮ್ಯಾಲ ಮಾಳಿಗಿ ಮ್ಯಾಲಿನ ಏರಿಯಲ್ ತಂತಿ ಇಳಿಸಿಬಿಡ್ತೇನಿ. ಮೈಕ್ ಮುಂದ ನೀ ಕೂಡು.”

“ನನಗ ಬರತೈತೇನ್ರಿ ಕಾಕಾರ? ನಾ ಒಂದೂ ಸ್ಪರ್ಧಾ ನೋಡಿಲ್ಲ.”

“ಕಿವಿ ಅದಾವಲ್ಲ ನಿನಗ? ಸಾಕು.”

ಒಳಗಿನಿಂದ ಕಾಕಾನ ಹೆಂಡತಿ, ಕಾಕು, ಕೂಗಿದರು: “ಕಿವಿ ನನಗೂ ಅದಾವು. ನಲವತ್ತು ವರ್ಷ ಆತು, ನಾ ಅಂದಿದ್ದು ಒಂದೂ ಲಾಗಿನ್ಯಾಗ ಬರಕೊಂಡಿಲ್ಲ ಇವರು.”

ಕಾಕಾಗೆ ಅದು ಕೇಳಲಿಲ್ಲ.

ಸ್ಪರ್ಧೆಯ ನಿಯಮ ಸರಳ. ಗೊತ್ತುಮಾಡಿದ ಹೊತ್ತಿನೊಳಗೆ ದೇಶದ ಎಷ್ಟು ಹ್ಯಾಮ್‌ಗಳ ಜೊತೆ ಸಾಧ್ಯವೋ ಅಷ್ಟು ಜನರ ಜೊತೆ ಮಾತಾಡಬೇಕು. ಪ್ರತಿಯೊಬ್ಬರಿಗೂ ಎರಡು ಸಂಗತಿ ಕೊಡಬೇಕು: ಅವರ ದನಿ ಎಷ್ಟು ಚೆನ್ನಾಗಿ ಕೇಳುತ್ತಿದೆ ಎಂಬುದಕ್ಕೆ ‘ಫೈವ್ ನೈನ್’ ತರಹದ ಅಂಕೆ, ಮತ್ತು ಇದು ನಮ್ಮ ಎಷ್ಟನೆಯ ಸಂಪರ್ಕ ಎಂಬ ಕ್ರಮಸಂಖ್ಯೆ. ಅವರೂ ಅವರದನ್ನು ಕೊಡುತ್ತಾರೆ. ಎರಡೂ ಕಡೆ ಲಾಗ್ ಎಂಬ ದಾಖಲೆಯ ಹಾಳೆಯಲ್ಲಿ ಬರೆದುಕೊಂಡು ಸ್ಪರ್ಧೆ ನಡೆಸುವವರಿಗೆ ಕಳಿಸಬೇಕು. ಅವರು ಎರಡು ಲಾಗ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಸಂಖ್ಯೆ ತಾಳೆಯಾಗದಿದ್ದರೆ ಆ ಸಾಲಿಗೆ ಕೆಂಪು ಗೆರೆ. ತಪ್ಪು ಯಾರದೇ ಇರಲಿ, ಗೆರೆ ಇಬ್ಬರ ಲಾಗಿನಲ್ಲೂ ಬೀಳುತ್ತದೆ.

ಒಂಬತ್ತರಿಂದ ಐದರವರೆಗೆ ಕೂತೆ. ಕರೆಂಟ್ ಹನ್ನೊಂದಕ್ಕೆ ಹೋಯಿತು, ಟ್ರ್ಯಾಕ್ಟರ್ ಬ್ಯಾಟರಿಗೆ ಸೆಟ್ಟನ್ನು ಜೋಡಿಸಿದೆವು. ಫ್ಯಾನಿಲ್ಲದ ಕೋಣೆಯಲ್ಲಿ ಹೆಡ್‌ಫೋನಿನ ಕೆಳಗೆ ಕಿವಿ ಬೆವತು ತೋಯ್ದಿದ್ದವು. ಗದ್ದಲದ ಒಳಗಿಂದ ದನಿಗಳು ಬರುತ್ತಿದ್ದವು, ಮುಳುಗುತ್ತಿದ್ದವು. ಅದೇ ಪ್ರಶ್ನೆ, ಅದೇ ಉತ್ತರ. ಮೂರು ತಾಸಿನ ನಂತರ ನನ್ನ ದನಿ ನನ್ನದೆಂದು ಅನಿಸುತ್ತಿರಲಿಲ್ಲ. ಕಾಕಾ ಹಿಂದೆ ಕುರ್ಚಿಯಲ್ಲಿ ಕೂತು ಸೆಟ್ಟಿನ ಮೀಟರನ್ನೇ ನೋಡುತ್ತಿದ್ದರು. ನಾನು ಮಾತಾಡಿದಾಗ ಅದರ ಮುಳ್ಳು ಏಳುತ್ತಿತ್ತು, ಸುಮ್ಮನಾದಾಗ ಬೀಳುತ್ತಿತ್ತು. ಇಡೀ ದಿನದಲ್ಲಿ ಅವರಿಗೆ ಸಿಕ್ಕಿದ್ದು ಅದೊಂದೇ.

ಏಳನೆಯ ಸಂಪರ್ಕ ನನಗೆ ಸರಿಯಾಗಿ ನೆನಪಿದೆ. ಆ ಕಡೆಯ ವಯಸ್ಸಾದ ದನಿ ನನ್ನ ಸಂಖ್ಯೆ ಕೇಳಿ, “ಸೆವೆನ್ ಥ್ರೀ?” ಎಂದಿತು. ಎಪ್ಪತ್ತಮೂರು ಎಂದರೆ ಹ್ಯಾಮ್‌ಗಳ ಭಾಷೆಯಲ್ಲಿ ಶುಭಾಶಯ, ಮಾತು ಮುಗಿಸುವಾಗ ಹೇಳುವುದು. ಎಷ್ಟು ಸೌಜನ್ಯದ ಮನುಷ್ಯ ಎಂದುಕೊಂಡು ನಾನೂ “ಸೆವೆನ್ ಥ್ರೀ” ಎಂದು ಹೇಳಿ ಮುಂದೆ ಹೋದೆ.

ಐದಕ್ಕೆ ಎದ್ದಾಗ ಅರವತ್ತೊಂದು ಸಂಪರ್ಕ ಆಗಿದ್ದವು. ಕಾಕಾ ಲಾಗನ್ನು ಸ್ವಂತ ಕೈಯಿಂದ ನಕಲು ಮಾಡಿದರು, ಎರಡು ಸಲ ತಾಳೆ ನೋಡಿದರು, ರಿಜಿಸ್ಟರ್ ಟಪಾಲಿನಲ್ಲಿ ಕಳಿಸಿದರು.

ಫಲಿತಾಂಶ ಬಂದದ್ದು ಸುಮಾರು ಮೂರು ತಿಂಗಳಿಗೆ. ಶಾಲೆಗೆ ಫೋನ್ ಬಂತು, ಕಾಕುನೇ ಮಾತಾಡಿದ್ದು: “ಬಾರವಾ ತಂಗಿ ಒಮ್ಮೆ. ಇವರು ಊಟಕ್ಕ ಕುಂದರವಲ್ಲರು.” ಮರುದಿನ ರಜೆ ಹಾಕಿ ಹೋದೆ. ಕಾಕಾ ಹಾಳೆಗಳನ್ನು ಮೇಜಿನ ಮೇಲೆ ಹರಡಿದ್ದರು. ಇಪ್ಪತ್ತೆರಡು ಸಾಲಿಗೆ ಕೆಂಪು ಗೆರೆ, ಪಕ್ಕದಲ್ಲಿ ಆ ಕಡೆಯವರು ಬರೆದುಕೊಂಡ ಸಂಖ್ಯೆ.

“ನಿನ್ನ ತಪ್ಪಲ್ಲ,” ಎಂದರು, ನನ್ನನ್ನು ನೋಡದೆ. “ನೀ ಬರಕೊಂಡಿದ್ದು ಎಲ್ಲಾ ಬರೋಬ್ಬರ್ ಐತಿ. ಇಲ್ಲಿಂದ ಹೋಗಿದ್ದ ಅಲ್ಲೆ ಬ್ಯಾರೆ ಮುಟ್ಟೇತಿ. ಸೆಟ್ಟ ಕೆಟ್ಟೈತಿ. ನನ್ನಂಗ ಮುದುಕ ಆಗೇತಿ.”

ನಾನು ಹಾಳೆಗಳನ್ನು ಹತ್ತಿರ ಎಳೆದುಕೊಂಡೆ. ನಾನು ಕೊಟ್ಟ ಹನ್ನೆರಡು ಆ ಕಡೆ ನೂರ ಇಪ್ಪತ್ತಮೂರಾಗಿತ್ತು. ಇಪ್ಪತ್ತೊಂಬತ್ತು ಇನ್ನೂರ ತೊಂಬತ್ತಮೂರಾಗಿತ್ತು. ಏಳು ಎಪ್ಪತ್ತಮೂರು. ಇಪ್ಪತ್ತೆರಡು ಸಾಲುಗಳಲ್ಲೂ ನನ್ನ ಸಂಖ್ಯೆ ಸರಿಯಾಗಿಯೇ ಇತ್ತು, ಬಾಲಕ್ಕೆ ಒಂದು ಮೂರು ಅಂಟಿಕೊಂಡಿತ್ತು. ಇದು ಸೆಟ್ಟಿನ ಕೆಲಸವಲ್ಲ ಎಂದು ಗೊತ್ತಾಯಿತು. ಆದರೆ ಮೂರು ಎಲ್ಲಿಂದ ಬಂತು ಎಂದು ತಿಳಿಯಲಿಲ್ಲ.

ಚಹಾ ತಂದಿಟ್ಟ ಕಾಕು ನಾನು ಬೆರಳಿಟ್ಟು ಓದುವುದನ್ನು ಕೇಳಿಸಿಕೊಂಡು ನಿಂತರು.

“ಮೂರು ಅಲ್ಲವಾ ಅದು,” ಎಂದರು. “ನಾ ಅಡಗಿಮನ್ಯಾಗ ಕುಂತು ದಿನಾ ಪೂರ್ತಿ ಕೇಳೇನಿ. ಸೆವೆನ್‌ರಿ, ಟೂರಿ, ನೈನ್‌ರಿ. ಎಷ್ಟೋ ಮಂದಿಗೆ ರಿ ಹಚ್ಚಿ ಮಾತಾಡೀದಿ. ಎಷ್ಟ ಮರ್ಯಾದಿ ಅಂತ ನನಗ ಭಾಳ ಚೊಲೋ ಅನಿಸಿತ್ತು.”

ನಾನು ಚಹಾದ ಬಟ್ಟಲನ್ನು ಕೆಳಗಿಟ್ಟೆ. ರೇಡಿಯೊದಲ್ಲಿ ‘ಥ್ರೀ’ಯನ್ನು ‘ಟ್ರೀ’ ಎಂದೇ ಅನ್ನುವ ರೂಢಿಯಿದೆ. ಗದ್ದಲದಲ್ಲಿ ಮೊದಲ ಅಕ್ಷರ ಹಾರಿಹೋದರೆ ಉಳಿಯುವುದು ‘ರೀ’. ನಾನು ಹುಟ್ಟಿ ಬೆಳೆದದ್ದು ನಮ್ಮದೇ ಸೀಮೆಯ ಇಂಡಿ ಪಟ್ಟಣದಲ್ಲಿ. ಹಿರಿಯರಿಗೆ ‘ರಿ’ ಇಲ್ಲದೆ ಉತ್ತರ ಕೊಟ್ಟರೆ ಅಪ್ಪ ಮತ್ತೆ ಹೇಳಿಸುತ್ತಿದ್ದರು. ಇಂಗ್ಲಿಷಿನ ಅಂಕೆಗೂ ಅದನ್ನು ಹಚ್ಚುತ್ತಿದ್ದೇನೆ ಎಂದು ನನಗೆ ಗೊತ್ತೇ ಇರಲಿಲ್ಲ. ಗೆರೆಯಿದ್ದ ಸಾಲುಗಳನ್ನು ಮತ್ತೊಮ್ಮೆ ನೋಡಿದೆ. ನನಗೆ ನೆನಪಿದ್ದಷ್ಟು ಮಟ್ಟಿಗೆ ಅವೆಲ್ಲ ವಯಸ್ಸಾದ ದನಿಗಳು. ಕಿರಿಯರ ಸಾಲುಗಳಿಗೆ ಏನೂ ಆಗಿರಲಿಲ್ಲ.

ಕಾಕಾನ ಎಡಗಿವಿಗೆ ಬಾಯಿ ಹಚ್ಚಿ ಎಲ್ಲವನ್ನೂ ಹೇಳಬೇಕಾಯಿತು. ಒಂದು ಸಲಕ್ಕೆ ಕೇಳಲಿಲ್ಲ. ತಪ್ಪನ್ನು ಮೂರು ಸಲ, ಬೀದಿಗೆ ಕೇಳುವಂತೆ, ಕೂಗಿ ಒಪ್ಪಿಕೊಂಡೆ. ತಿಳಿದ ಮೇಲೆ ಅವರು ಹಾಳೆಗಳನ್ನು ಒಟ್ಟುಮಾಡಿ ಮಡಚಿಟ್ಟರು.

“ಮುಂದಿನ ಸಲ ಮತ್ತ ಕೂಡು,” ಎಂದರು. “ಆದ್ರ ರಿ ಬಿಡಸ್ಬೇಕು.”

ಬಿಡಿಸಿದ ಬಗೆ ಹೀಗೆ. ಹದಿನೈದು ದಿನಕ್ಕೊಂದು ಭಾನುವಾರ ನಾನು ಬಾಗೇವಾಡಿಗೆ ಹೋಗುತ್ತಿದ್ದೆ. ಕಾಕಾ ಸೆಟ್ಟಿನಿಂದ ತಂತಿ ಬಿಚ್ಚಿಟ್ಟು, ದನಿ ಹೊರಗೆ ಹೋಗದಂತೆ ಮಾಡಿ, ಮೀಟರಿನ ಮುಂದೆ ಕೂರುತ್ತಿದ್ದರು. ನಾನು ಅವರ ಕಡೆ ತಿರುಗಿ ಸಂಖ್ಯೆ ಹೇಳಬೇಕು. ‘ಝೀರೋ ಝೀರೋ ಏಯ್ಟ್’ ಎಂದರೆ ಮುಳ್ಳು ಎಷ್ಟು ಸಲ ಕುಣಿಯುತ್ತದೆ ಎಂದು ಅವರು ಲೆಕ್ಕ ಇಟ್ಟಿದ್ದರು. ಕೊನೆಗೆ ಒಂದು ಕುಣಿತ ಹೆಚ್ಚಾದರೆ ಮೇಜು ಬಡಿಯುತ್ತಿದ್ದರು. ಕಿವಿ ಕೇಳದ ಮನುಷ್ಯ ನನ್ನ ‘ರಿ’ಯನ್ನು ಕಣ್ಣಿನಿಂದ ಹಿಡಿಯುತ್ತಿದ್ದರು. ಅವರ ಮುಖ ನೋಡುತ್ತ ಬೋಳು ಸಂಖ್ಯೆ ಹೇಳುವುದು ನನಗೆ ಆಗುತ್ತಿರಲಿಲ್ಲ. ಬಾಯಿ ತಾನಾಗಿ ಮುಂದೆ ಹೋಗುತ್ತಿತ್ತು.

“ನಾ ನಿನ್ನ ಕಾಕಾ ಅಲ್ಲ ಅನಕೋ. ಹಾದ್ಯಾಗಿನ ಕಲ್ಲ ಅನಕೋ.”

“ಕಲ್ಲಿಗೆ ಹೆಂಗ ಹೇಳೂದ್ರಿ?”

ಮೇಜು ಬಡಿದರು. “ಇದಕ್ಕೂ ಹಚ್ಚಿದಿ ನೋಡು!”

“‘ಏಯ್ ಮುದುಕಾ, ಎಂಟು!’ ಅನ್ನು,” ಎಂದು ಕಾಕು ಒಳಗಿನಿಂದ ಪಾಠ ಹೇಳಿಕೊಟ್ಟರು. ಅದೊಂದು ಮಧ್ಯಾಹ್ನ ನಾವು ಮೂವರೂ ನಕ್ಕೆವು.

ಮಳೆಗಾಲದ ಹೊತ್ತಿಗೆ ಮೇಜಿನ ಬಡಿತ ನಿಂತಿತು. ಆದರೆ ನಾನು ದಣಿದಿದ್ದೆ. ವಾರವೆಲ್ಲ ಶಾಲೆ, ಭಾನುವಾರ ಎರಡು ಬಸ್ಸು. ಶಾಲೆಯಲ್ಲಿ ಹೆಡ್‌ಮಾಸ್ತರಿಗೆ ‘ಹೂಂರಿ’ ಎನ್ನದೆ ‘ಹೂಂ’ ಎಂದಷ್ಟೇ ಉತ್ತರಿಸಿ ಬೈಸಿಕೊಂಡೆ.

ಮರುವರ್ಷದ ಸ್ಪರ್ಧೆಗೆ ಮತ್ತೆ ಅದೇ ಕುರ್ಚಿಯಲ್ಲಿ ಕೂತೆ. ಕಾಕಾ ಹಿಂದೆ, ಮೀಟರ್ ಮುಂದೆ. ಪ್ರತಿ ಸಂಖ್ಯೆಯನ್ನೂ ಹೇಳಿ ಬಾಯಿ ಮುಚ್ಚುತ್ತಿದ್ದೆ. ನನ್ನ ಕಿವಿಗೇ ಅದು ಒರಟಾಗಿ ಕೇಳುತ್ತಿತ್ತು. ಅನುಮಾನ ಬಂದಲ್ಲೆಲ್ಲ ಮತ್ತೊಮ್ಮೆ ಕೇಳಿ ಬರೆದುಕೊಂಡೆ. ಒಂದು ಜಾಗ ಬಿಟ್ಟು.

ಅದು ಹನ್ನೊಂದು ಗಂಟೆಯ ಸುಮಾರಿಗೆ. ಮುದ್ದೇಬಿಹಾಳದಿಂದ ಎಂದಿತು ಒಂದು ಗಂಡಸಿನ ದನಿ. ಆ ಊರಲ್ಲಿ ಹ್ಯಾಮ್ ಇರುವುದು ನಮಗೆ ಗೊತ್ತಿರಲಿಲ್ಲ. ತಡವರಿಸುತ್ತಿದ್ದರು, ಲೈಸೆನ್ಸಿನ ಜೊತೆ ಕೊಡುವ ಗುರುತಿನ ಅಕ್ಷರಗಳಾದ ಕಾಲ್ ಸೈನನ್ನು ಎರಡು ಸಲ ತಪ್ಪು ಹೇಳಿದರು. ನನ್ನ ಹಾಗೇ ಹೊಸಬರು ಎಂದು ತಿಳಿಯಿತು. “ಫೈವ್ ನೈನ್‌ರಿ,” ಎಂದರು, ಸ್ಪಷ್ಟವಾಗಿ. ಆಮೇಲೆ ಗದ್ದಲ ಏರಿತು. “ಝೀರೋ ಟೂ...” ಅದರ ಹಿಂದೆ ‘ರೀ’ ಎಂಬ ತುಂಡು.

ಎರಡು ಎಂದು ಬರೆದುಕೊಂಡೆ. ಹೊಸಬರು, ಎರಡನೆಯ ಸಂಪರ್ಕ, ಬಾಲಕ್ಕೆ ನಮ್ಮ ಕಡೆಯ ರಿ. ಮತ್ತೆ ಕೇಳಬೇಕೆಂದು ಮೈಕಿನ ಗುಂಡಿ ಒತ್ತಿದೆ. ಇದನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು: ಒತ್ತಿದೆ, ಬಿಟ್ಟೆ. ಮತ್ತೆ ಕೇಳಿದರೆ ಅವರ ರಿ ಅವರಿಗೇ ಕೇಳಿಸೀತು, ದೇಶವೆಲ್ಲ ಕೇಳುತ್ತಿರುವಾಗ ನಾಚಿಕೆಯಾದೀತು ಎನಿಸಿತು. ಕೆಂಪು ಗೆರೆಯ ಹಾಳೆಗಳ ಮುಂದೆ ನನಗಾದದ್ದು ಅವರಿಗೆ ಆಗುವುದು ಬೇಡವೆನಿಸಿತು. ಧನ್ಯವಾದ ಹೇಳಿ ಮುಂದಿನ ದನಿಗೆ ಹೋದೆ. ಕಾಕಾ ಮೀಟರ್ ನೋಡುತ್ತಿದ್ದರು. ಆ ಕಡೆಯ ದನಿಗೂ ಮುಳ್ಳು ಏಳುತ್ತಿತ್ತು, ಆದರೆ ಥ್ರೀ ಆದರೂ ರಿ ಆದರೂ ಏಳುವುದು ಒಂದೇ ಸಲ.

ಐವತ್ತನಾಲ್ಕು ಸಂಪರ್ಕ. ಒಂದೇ ಗೆರೆ. ಮುದ್ದೇಬಿಹಾಳದವರು ಕೊಟ್ಟದ್ದು ಇಪ್ಪತ್ತಮೂರು.

ಹಾಳೆ ಬಂದ ದಿನ ಕಾಕಾ ಅದನ್ನು ನನ್ನ ಕೈಗೆ ಕೊಟ್ಟು, “ಯಾಕ ಮತ್ತೊಮ್ಮಿ ಕೇಳಲಿಲ್ಲ?” ಎಂದರು. ಕಾರಣವನ್ನು ಅವರ ಕಿವಿಯಲ್ಲಿ ಕೂಗಿದೆ. ಕೂಗಿ ಹೇಳಿದಾಗ ಅದು ಕಾರಣದಂತೆ ಕೇಳಲಿಲ್ಲ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ, ಆದರೆ ಅವರ ಮುಖ ಬರೀ ದಣಿದಿತ್ತು. ತಾವೇ ಕೂರುತ್ತಿದ್ದಾಗಿನಿಂದ ನಾಲ್ಕು ವರ್ಷ ಕಾದದ್ದು ಒಂದು ಸಾಲಿನಲ್ಲಿ ಹೋಗಿತ್ತು. ಮುಂದಿನ ವರ್ಷ ಮತ್ತೆ ಕೂರುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

“ಸಾಕವಾ. ನಿನಗೂ ಸಾಕಾಗೇತಿ, ನಾ ನೋಡ್ತೇನಲ್ಲ.” ಆಮೇಲೆ ಹಾಳೆಯನ್ನು ಕಣ್ಣಿನ ಹತ್ತಿರ ತಂದು ಗೆರೆಯ ಮೇಲೆ ಉಗುರು ಇಟ್ಟರು. “ಆ ಮುದ್ದೇಬಿಹಾಳದಾವಂದು ಮೊದಲನೇ ಲಾಗ್ ಅಲ್ಲೇನು ಇದು?”

“ಇರಬೇಕ್ರಿ.”

“ಅವಗೂ ಗೆರಿ ಬಿದ್ದಿರತೈತಿ. ಅವ ಬರೋಬ್ಬರ್ ಹೇಳ್ಯಾನ. ತಂದೇ ತಪ್ಪು ಅಂತ ಕುಂತಿರತಾನ. ಕಾರ್ಡ್ ತಗೋ, ಬರಿ.”

ಅವರು ಹೇಳಿದರು, ನಾನು ಬರೆದೆ. ನೀವು ಕೊಟ್ಟ ಸಂಖ್ಯೆ ಸರಿಯಾಗಿತ್ತು. ನಾವು ಬರೆದುಕೊಂಡದ್ದು ತಪ್ಪು. ನಿಮ್ಮ ದನಿ ಇಲ್ಲಿಗೆ ಚೆನ್ನಾಗಿ ಮುಟ್ಟಿತ್ತು. ಕೊನೆಯ ವಾಕ್ಯ ನಿಜವೇ ಎಂದು ಕಾಕಾ ನನ್ನನ್ನು ಕೇಳಿದರು. ಸಂಖ್ಯೆ ಹೇಳುವಾಗ ಗದ್ದಲವಿತ್ತು ಎಂದೆ. ಅದನ್ನೂ ಸೇರಿಸಿ ಬರೆಸಿದರು. ಕೆಳಗೆ ತಮ್ಮ ಹೆಸರು ಬರೆದು ಕಾಲ್ ಸೈನ್ ಹಾಕಿದರು, ನನಗೂ ನನ್ನದನ್ನು ಹಾಕು ಎಂದರು.

ಮುಂದಿನ ಭಾನುವಾರ ತಂತಿ ಇಳಿಸಿದೆವು. ಕಾಕಾ ಮಾಳಿಗೆಯ ಮೇಲಿನ ಬಿದಿರಿನ ಗಳಕ್ಕೆ ಹಾಕಿದ್ದ ಗಂಟು ಬಿಚ್ಚಿದರು, ನಾನು ಬೇವಿನ ಗಿಡದ ಕಡೆಯದು. ನನ್ನ ಕಡೆಯ ಗಂಟು ಬಿಸಿಲಿಗೆ ಕಲ್ಲಾಗಿತ್ತು, ಕುಡಗೋಲಿನಿಂದ ಕೊಯ್ಯಬೇಕಾಯಿತು.

“ಗಳ ಅಲ್ಲೇ ಬಿಡ್ರಿ,” ಎಂದು ಕಾಕು ಕೆಳಗಿನಿಂದ ಕೂಗಿದರು. “ಕೌದಿ ಒಣ ಹಾಕಾಕ ಬೇಕು.”

ಕಾಕಾಗೆ ಕೇಳಲಿಲ್ಲ. ಗಳ ಬಿಡಬೇಕಂತೆ ಎಂದು ನಾನು ಕೈಸನ್ನೆ ಮಾಡಿದೆ. ಅವರು ಬಿಟ್ಟರು, ಅಂಗಳಕ್ಕೆ ಬಂದು ಕೂತು ತಂತಿಯನ್ನು ಮೊಣಕೈಗೂ ಅಂಗೈಗೂ ಸುತ್ತತೊಡಗಿದರು. ಅರ್ಧ ಸುತ್ತುವಷ್ಟರಲ್ಲಿ ಕೈ ಸೋತಿತು. ಉಳಿದರ್ಧ ನಾನು ಸುತ್ತಿದೆ.