ಹಾರರ್ ಕಾದಂಬರಿ ಮತ್ತು ಬಾಷಾನ ಬ್ರೇಕು

ಹುಚ್ಚಾಸ್ಪತ್ರೆಯ ಬಾಗಿಲಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ನಡುಗುತ್ತಾ ನಿಂತಿದ್ದೆ. ತಪ್ಪು ನನ್ನದಲ್ಲ, ಕಾದಂಬರಿಯದು!

ದಪ್ಪನೆಯ ಹಾರರ್ ಕಾದಂಬರಿ. ಮನೋರೋಗಿಗಳ ಆಸ್ಪತ್ರೆಯಲ್ಲಿ ನಡೆಯುವ ಕತೆ. ತಾನಾಗಿಯೇ ಮುಚ್ಚಿಕೊಳ್ಳುವ ಬಾಗಿಲು, ಗೋಡೆಯೊಳಗಿಂದ ನಗು. ಹಗಲಲ್ಲಿ ಮಾತ್ರ ಓದುತ್ತಿದ್ದೆ. (ನನ್ನ ಧೈರ್ಯ ಅಷ್ಟೇ.)

ಅರ್ಧ ಓದುವಷ್ಟರಲ್ಲಿ ಸುದ್ದಿ ಬಂತು. ನನ್ನ ಸ್ಕೂಟರ್ ಮೆಕ್ಯಾನಿಕ್ ಬಾಷಾನನ್ನು ಮಾನಸಿಕ ವಾರ್ಡಿಗೆ ಸೇರಿಸಿದ್ದಾರೆ. ನಿದ್ದೆಯಿಲ್ಲ, ಯಾರ ಜೊತೆಗೂ ಮಾತಿಲ್ಲವಂತೆ.

ನಮ್ಮ ಕೊಟ್ಟೂರಿನಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ಓಣಿಗೆ ಓಣಿಯೇ ಬ್ರೆಡ್ಡು, ಬಾಳೆಹಣ್ಣು ಹಿಡಿದು ಹೊರಡುತ್ತದೆ. ನನಗೆ ಅಪೆಂಡಿಕ್ಸ್ ಆಪರೇಷನ್ ಆದಾಗ ಬಂದ ಹಣ್ಣನ್ನು ಇಡೀ ವಾರ್ಡು ತಿಂದರೂ ಮುಗಿದಿರಲಿಲ್ಲ. ಎಲ್ಲರಿಗಿಂತ ಮೊದಲು ಬಂದವನು ಬಾಷಾ. ಈಗ ಅವನನ್ನು ನೋಡಲು? ಓಣಿಗೆ ಓಣಿಯೇ ಬ್ಯುಸಿ!

ಹೆಂಡತಿ ಚೀಲ ಕೈಗಿಟ್ಟಳು. "ಹೋಗ್ರಿ ಸುಮ್ನ. ಅದೇನು ನಿಮ್ಮ ಪುಸ್ತಕದಾಗಿನ ದವಾಖಾನಿ ಅಲ್ಲ."

ಹೋದೆ. ವಾರ್ಡಿನ ತುಂಬ ಬಿಸಿಲು. ಇಬ್ಬರು ಕೇರಂ ಆಡುತ್ತಿದ್ದರು. ಫ್ಯಾನು ಕಿರ್ರ್ ಎಂದಾಗ ಬೆಚ್ಚಿಬಿದ್ದವನು ನಾನೊಬ್ಬನೇ.

"ನೀವಾದ್ರೂ ಬಂದ್ರಿ ಸರ" ಎಂದ ಬಾಷಾನ ಕಣ್ಣು ತುಂಬಿತು. ಚೀಲದಲ್ಲಿ ಹಣ್ಣಿನ ಕೆಳಗೆ ಅವನಿಗೆ ಕಾದಂಬರಿ ಸಿಕ್ಕಿತು (ಬಸ್ಸಿನಲ್ಲಿ ಓದಲು ಇಟ್ಟುಕೊಂಡಿದ್ದೆ). ಹಿಂಬದಿಯ ರಟ್ಟಿನ ಮೇಲಿದ್ದ ನಾಲ್ಕು ಸಾಲು ಓದಿ ನಕ್ಕ.

"ಇಲ್ಲಿ ದೆವ್ವ ಗಿವ್ವ ಏನೂ ಇಲ್ರಿ. ಗುಳಿಗಿ ಕೊಡ್ತಾರ, ನಿದ್ದಿ ಬರ್ತೈತಿ. ನನಗ ಅಂಜಿಕಿ ಇರೋದು ಒಂದ ನೋಡ್ರಿ. ವಾಪಸ್ ಬಂದ ಮ್ಯಾಲ ಮಂದಿ ನನ್ನ ಕೈಯಾಗ ಗಾಡಿ ಕೊಡ್ತಾರೋ, ಇಲ್ಲೋ?"

"ಮೊದಲ್ನೇ ಗಾಡಿ ನಂದ!" ಎಂದು ಎದೆ ತಟ್ಟಿಕೊಂಡೆ.

ಕಳೆದ ವಾರ ಬಾಷಾ ಮತ್ತೆ ಶೆಡ್ ತೆರೆದ. ಕೊಟ್ಟ ಮಾತಿನಂತೆ ಸ್ಕೂಟರ್ ಒಯ್ದೆ. ಎದುರಿನ ಚಹಾದಂಗಡಿಯಲ್ಲಿ ಕೂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಕೊಟ್ಟರೆ ತಾವೂ ಕೊಡೋಣ ಎಂಬ ಲೆಕ್ಕ. ನನಗೋ, ಹೀರೋ ಆದಷ್ಟು ಹೆಮ್ಮೆ.

ಬಾಷಾ ಬ್ರೇಕ್ ಬಿಗಿ ಮಾಡಿ ಕೊಟ್ಟ. ಇಷ್ಟು ವರ್ಷ ಅವನು ಕೊಟ್ಟ ಗಾಡಿಯನ್ನು ಹಾಗೆಯೇ ಹತ್ತಿ ಹೊರಟವನು ನಾನು. ಅಂದು ಬ್ರೇಕ್ ಹಿಡಿದು ನೋಡಿದೆ. ಸ್ವಲ್ಪ ತಳ್ಳಿ, ಮತ್ತೆ ಹಿಡಿದೆ. ಸಾಲದ್ದಕ್ಕೆ ಬಗ್ಗಿ ನಟ್ಟನ್ನೂ ಮುಟ್ಟಿ ನೋಡಿದೆ. (ಧೈರ್ಯ ಹೇಳಿ ಬಂದ ಮಹಾಶಯ!)

ತಲೆ ಎತ್ತಿದರೆ ಚಹಾದಂಗಡಿಯವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು.

ಬಾಷಾ ಸಿಟ್ಟಾಗಲಿಲ್ಲ. ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ಮೆಲ್ಲಗೆ ಕೇಳಿದ:

"ಸರ, ಆ ಪುಸ್ತಕ ಇನ್ನೂ ಮುಗದಿಲ್ಲೇನ್ರಿ?"