ಬಂಗಾರದ ಹೊಟ್ಟೆ ಸೀಳಿದರೆ

ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಇರುವ ವ್ಯತ್ಯಾಸ ನನಗೆ ಸರಿಯಾಗಿ ತಿಳಿದದ್ದು ಶಾಲೆಯಲ್ಲಲ್ಲ. ಅರವತ್ತು ದಾಟಿದ ಮೇಲೆ, ಮುಂಬೈಯ ಭಾಂಡುಪಿನ ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ. ಬೈಲಹೊಂಗಲದ ಕಡೆಯವರಾದ ನಾವು ಮಾತಿನಲ್ಲಿ ಉಸಿರನ್ನು ಪೋಲು ಮಾಡುವ ಜನವಲ್ಲ. ನಮ್ಮ ಬಾಯಲ್ಲಿ ಧಾರವಾಡ ದಾರವಾಡ, ಭಾಷಣ ಬಾಸಣ. ಕನ್ನಡ ಮಾಸ್ತರರು ಹಲಗೆಯ ಮೇಲೆ ದೊಡ್ಡದೊಂದು ಬ ಬರೆದು, ‘ಈಗ ಇದರ ಹೊಟ್ಟಿ ಸೀಳ್ರಿ, ಭ ಆಕ್ಕೈತಿ’ ಎಂದು ಕಲಿಸಿದ್ದರು. ನಾವು ವಿಧೇಯರಾಗಿ ಹೊಟ್ಟೆ ಸೀಳಿದೆವು. ಓದುವಾಗ ಮಾತ್ರ ಎರಡನ್ನೂ ಒಂದೇ ಸಮ ಓದಿದೆವು.

ಅವ್ವ ಊರು ಬಿಟ್ಟು ನಮ್ಮ ಮನೆಗೆ ಬಂದ ಮೊದಲ ವಾರ, ಓಣಿಯಲ್ಲಿ ಕೈಗಾಡಿ ತಳ್ಳುತ್ತ ಬಂದವನೊಬ್ಬ ‘ಭಂಗಾರ್, ಭಂಗಾರ್’ ಎಂದು ಕೂಗಿದ. ಅವ್ವ ಓಡಿಬಂದು ಬಾಗಿಲ ಅಗಳಿ ಹಾಕಿದಳು. ನನ್ನ ಹೆಂಡತಿ ಸುಮಿತ್ರಾಳಿಗೆ, ‘ಕೊಳ್ಳಾಗಿಂದು ಸೆರಗಿನಾಗ ಮುಚ್ಚಿಕೊ. ಈ ಊರಾಗ ಬಂಗಾರ ಕೊಡ್ರಿ ಅಂತ ಹಾಡಹಗಲ ಕೇಳ್ಕೋತ ಅಡ್ಯಾಡ್ತಾರ’ ಎಂದಳು. ಭಂಗಾರ್ ಎಂದರೆ ಮುಂಬೈಯಲ್ಲಿ ಗುಜರಿ, ಮುರುಕು ತಗಡು, ತುಕ್ಕು ಕಬ್ಬಿಣ ಎಂದು ತಿಳಿಸಿ ಹೇಳುವಷ್ಟರಲ್ಲಿ ನಮಗೆ ಸಾಕಾಯಿತು. ಬಂಗಾರದ ಹೊಟ್ಟೆ ಸೀಳಿದರೆ ಗುಜರಿಯಾಗುತ್ತದೆ ಎಂಬ ವ್ಯಾಕರಣ ನಮ್ಮ ಮಾಸ್ತರರಿಗೂ ಹೊಳೆದಿರಲಿಕ್ಕಿಲ್ಲ.

ಹಳೆಯ ಈ ಮಾತೆಲ್ಲ ನೆನಪಾಗಲು ಕಾರಣ ಸೊಸೈಟಿಯ ನೋಟಿಸ್ ಬೋರ್ಡು. ದೀಪಾವಳಿಗೆ ಮುಂಚೆ ಬಿಲ್ಡಿಂಗಿಗೆ ಬಣ್ಣ ಹೊಡೆಸಬೇಕು, ಆದ್ದರಿಂದ ಪಾರ್ಕಿಂಗಿನಲ್ಲಿ ನಿಂತೇಬಿಟ್ಟ ಗಾಡಿಗಳನ್ನೆಲ್ಲ ಹಬ್ಬದ ಹಿಂದಿನ ಶನಿವಾರ ಭಂಗಾರ್‌ವಾಲಾನಿಗೆ ಕೊಡಲಾಗುವುದು ಎಂದು ಅದರಲ್ಲಿ ಬರೆದಿತ್ತು. ಬಹುವಚನ ಬರೀ ಸೌಜನ್ಯಕ್ಕೆ. ನಿಂತ ಗಾಡಿ ಇದ್ದದ್ದು ಒಂದೇ, ನನ್ನ ಹಳೇ ಮೋಟಾರ್ ಸೈಕಲ್ಲು. ಸೆಕ್ರೆಟರಿ ಒಳ್ಳೆಯ ಮನುಷ್ಯರು. ‘ಗಾಡಿ ತಾನಾಗಿ ಗೇಟಿನ ಆಚೆ ಹೋಗಿ, ಏರು ಹತ್ತಿ, ತಾನಾಗಿ ವಾಪಸ್ ಬಂದರೆ ಅದು ಗಾಡಿ. ಇಲ್ಲವಾದರೆ ಭಂಗಾರ್’ ಎಂದು ನ್ಯಾಯ ಹೇಳಿದರು.

ಗಾಡಿಯ ಹೆಸರು ಹೇಳುವುದಿಲ್ಲ. ಅದರ ಟ್ಯಾಂಕಿನ ಮೇಲೂ ಅಕ್ಷರಗಳು ಅಳಿಸಿಹೋಗಿವೆ. ನಾನು ಕೊಂಡಾಗಲೇ ಅದು ಇಬ್ಬರ ಕೈ ದಾಟಿ ಬಂದಿತ್ತು. ಲೋಕವೆಲ್ಲ ಎಡಗಾಲಿನಿಂದ ಗೇರು ಹಾಕಿದರೆ ಇದಕ್ಕೆ ಬಲಗಾಲು ಬೇಕು. ಮೊದಲ ಗೇರು ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಯೌವನದಲ್ಲಿ ಇದನ್ನೇರಿ ನಾನು ಚೆಂಬೂರಿನಿಂದ ಮಲಾಡ್‌ವರೆಗೆ ಈ ಊರನ್ನು ಕಲಿತೆ. ಅವ್ವ ಮುಂಬೈಗೆ ಬಂದ ದಿನ ದಾದರ್ ಸ್ಟೇಷನ್ನಿನಿಂದ ಅವಳನ್ನು ಇದರ ಹಿಂದೆಯೇ ಕೂರಿಸಿಕೊಂಡು ಬಂದಿದ್ದೆ; ಅವಳ ತೊಡೆಯ ಮೇಲೆ ಜೋಳದ ಹಿಟ್ಟಿನ ಡಬ್ಬಿ ಇತ್ತು. ಆಮೇಲೆ ನೌಕರಿ, ಲೋಕಲ್ಲು, ಮೊಣಕಾಲು ನೋವು ಎಲ್ಲ ಸೇರಿ ಗಾಡಿಯನ್ನು ತಾಡಪತ್ರಿಯ ಕೆಳಗೆ ತಳ್ಳಿದವು. ಈಗ ನಾನೂ ನಿವೃತ್ತ. ನಿಂತ ಗಾಡಿಗಳ ಮೇಲೆ ನನಗೆ ಕನಿಕರ ಸ್ವಲ್ಪ ಹೆಚ್ಚು. ಮುಚ್ಚುಮರೆಯೇಕೆ, ಅದನ್ನು ಟೆಂಪೋಗೆ ಎತ್ತಿ ಹಾಕುವುದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ.

ಇಂಜಿನ್ನಿಗೆ ಏನೂ ಆಗಿರಲಿಲ್ಲ. ಒಂದು ದಿನ ಪೂರ್ತಿ ಮುದ್ದು ಮಾಡಿದ ಮೇಲೆ ಚಾಲೂ ಆಯಿತು. ರೋಗವಿದ್ದದ್ದು ಗೇರ್‌ಬಾಕ್ಸಿನಲ್ಲಿ. ಎರಡನೇ ಗೇರಿನಲ್ಲಿ ಏರು ಹತ್ತುವಾಗ ‘ಖಟ್’ ಎಂದು ಗೇರು ಕೈಬಿಡುತ್ತಿತ್ತು. ಇಂಜಿನ್ನು ಹರತಾಳದ ಮುಂದಾಳಿನಂತೆ ಅರಚುತ್ತಿತ್ತು, ಗಾಡಿ ಮಾತ್ರ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ.

ಮೈಬೂಬಸಾಬರನ್ನು ಕರೆದೆ. ಇಂಡಿ ತಾಲೂಕಿನ ಕಡೆಯವರು, ನನ್ನದೇ ವಯಸ್ಸು, ಸ್ಟೇಷನ್ನಿನ ಹತ್ತಿರ ಗ್ಯಾರೇಜು. ಗೇರ್‌ಬಾಕ್ಸನ್ನು ಅವರು ಪೇಟಿ ಎನ್ನುತ್ತಾರೆ. ನಮ್ಮ ಕಡೆ ಹಾರ್ಮೋನಿಯಮ್ಮಿಗೂ ಪೇಟಿ ಎಂದೇ ಹೆಸರು. ಸ್ವರ ತಪ್ಪಿದಾಗ ಎರಡೂ ಬಿಚ್ಚಿಸಿಕೊಳ್ಳುತ್ತವೆ. ‘ಅಣ್ಣಾರ, ಪೇಟಿ ಹೊಟ್ಟಿ ಸೀಳಬೇಕ್ರಿ’ ಎಂದರು. ನನಗೆ ನಮ್ಮ ಮಾಸ್ತರರ ನೆನಪಾಯಿತು. ಪಾರ್ಕಿಂಗಿನಲ್ಲೇ ಮುಚ್ಚಳ ಬಿಚ್ಚಿ ಎರಡು ಶಾಫ್ಟು, ಗೇರುಗಳು, ಗೇರುಗಳ ನಡುವಿನ ತೆಳ್ಳನೆಯ ವಾಷರುಗಳು ಎಲ್ಲವನ್ನೂ ಹೊರಗೆ ತೆಗೆದರು. ತೊಳೆದು ಅಳೆಯುವ ಕೆಲಸ ನನಗಿರಲಿ ಎಂದೆ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವನು, ಪರರು ಮಾಡಿದ ಸಾಮಾನು ಅಳೆದೇ ಅನ್ನ ತಿಂದವನು. ಸಾಬರು ಒಂದೇ ಮಾತು ಹೇಳಿದರು. ‘ಬಿಚ್ಚಿದ ಸಾಲಿನ್ಯಾಗ ಇಡ್ರಿ. ಸಾಲು ತಪ್ಪಿಸಬ್ಯಾಡ್ರಿ.’

ನಾನು ಸಾಲು ತಪ್ಪಿಸಲಿಲ್ಲ. ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ಮರಾಠಿ ಪೇಪರು ಹಾಸಿ ಎಲ್ಲವನ್ನೂ ಬಿಚ್ಚಿದ ಕ್ರಮದಲ್ಲೇ ಇಟ್ಟೆ. ಎಣಿಸಿ ಬರೆದುಕೊಳ್ಳಲಿಲ್ಲ ಅಷ್ಟೆ. ಮನೆಯಲ್ಲಿ ಎಣಿಸುವುದೇಕೆ, ಇಲ್ಲಿ ಕದಿಯುವವರು ಯಾರು?

ಮರುದಿನ ನವಮಿ. ನಮ್ಮಲ್ಲಿ ಅಂದು ಖಂಡೆ ಪೂಜೆ, ಮನೆಯ ಆಯುಧಗಳಿಗೆಲ್ಲ ಹಬ್ಬ. ಅವ್ವ ಬೆಳಿಗ್ಗೆಯೇ ನನ್ನನ್ನು ಚೆಂಡುಹೂವಿಗೆಂದು ದಾದರಿಗೆ ಅಟ್ಟಿದಳು. ಲೋಕಲ್ಲಿನಲ್ಲಿ ಜನರ ನಡುವೆ ಹಿಂಡಿಹೋಗಿ, ಅರ್ಧ ಹೂವನ್ನು ಉದುರಿಸಿಕೊಂಡು ಮನೆಗೆ ಬಂದು ನೋಡಿದರೆ ಗ್ಯಾಲರಿಯಲ್ಲಿ ಪೇಪರೂ ಇಲ್ಲ, ಗೇರೂ ಇಲ್ಲ. ಅಡುಗೆಮನೆಯ ಮೂಲೆಯ ದೇವರ ಜಗಲಿಯ ಮುಂದೆ, ಮಣೆಯ ಮೇಲೆ, ನನ್ನ ಗೇರ್‌ಬಾಕ್ಸಿನ ಇಡೀ ಸಂಸಾರ ಥಳಥಳ ಹೊಳೆಯುತ್ತ ಕೂತಿತ್ತು. ದೊಡ್ಡದರಿಂದ ಸಣ್ಣದಕ್ಕೆ ಇಳಿಸಾಲು. ಒಂದೊಂದಕ್ಕೂ ವಿಭೂತಿ, ಒಂದೊಂದಕ್ಕೂ ಕುಂಕುಮ. ಪಕ್ಕದಲ್ಲಿ ಈಳಿಗೆಮಣೆ, ಕತ್ತರಿ, ನಟ್ಟು ಬಿಚ್ಚುವ ನನ್ನ ಪಾನಾಗಳು.

‘ಅವ್ವಾ, ಏನ್ ಮಾಡೀ ಇದು?’

‘ಎಣ್ಣಿ ಮೆತ್ತಿಕೊಂಡ ಸಾಮಾನ ದೇವರ ಮುಂದ ಹೆಂಗ ಇಡೂದೋ? ಹುಣಚಿಹಣ್ಣ ಹಚ್ಚಿ ತಿಕ್ಕೀನಿ. ನೋಡು, ಹೆಂಗ ಬಂಗಾರ ಆಗ್ಯಾವು.’

ಎಂಬತ್ತರ ಹತ್ತಿರದ ಕೈಗಳು ಒಂದು ಮುಂಜಾನೆಯಿಡೀ ತಿಕ್ಕಿದ ಹೊಳಪು ಅದು. ಬೈಯಲು ಬಾಯಿ ಬರಲಿಲ್ಲ. ಸುಮಿತ್ರಾ ಮಾತ್ರ ಒಗ್ಗರಣೆ ಹಾಕುತ್ತಲೇ, ‘ಅಷ್ಟು ವರ್ಷ ಇನ್‌ಸ್ಪೆಕ್ಟರ್ ಇದ್ರಿ, ಎಣಿಸಿ ಇಟ್ಟಿದ್ರಿ ಹೌದಲ್ರೀ?’ ಎಂದು ಕೇಳಿದಳು. ನಾನು ಹೂವು ಬಿಡಿಸತೊಡಗಿದೆ.

ದಶಮಿಯ ದಿನ ಸಾಬರು ಬನ್ನಿ ಕೊಡಲು ಬಂದರು. ಬನ್ನಿ ತಗೊಂಡು ಬಂಗಾರದಂಗ ಇರೂಣು ಎಂದು ಎಲೆ ಬದಲಾಯಿಸಿಕೊಂಡ ಮೇಲೆ ಮಣೆಯ ಮೇಲಿನ ದರ್ಶನ ಮಾಡಿಸಿದೆ. ಅವರು ಮೊದಲು ನಕ್ಕರು, ಆಮೇಲೆ ತಲೆ ಕೆರೆದುಕೊಂಡರು. ಆಗ ಅವ್ವ ಸಾಲಿನಿಂದ ಒಂದು ಗೇರನ್ನು ಎತ್ತಿ ಅವರ ಕೈಗಿಟ್ಟಳು.

‘ಉಳಿದಾವೆಲ್ಲಾ ತಿಕ್ಕುವಾಗ ಬೆರಳಿಗೆ ಚುಚ್ಚಿದುವು. ಇದೊಂದು ಚುಚ್ಚಲಿಲ್ಲ. ಇದರ ದವಡಿ ಸವದೈತಿ ಸಾಬಣ್ಣ. ನನ್ನ ಹಲ್ಲಿನ ಸೆಟ್ಟೂ ಹಿಂಗಽ. ರೊಟ್ಟಿ ಕಚ್ಚಿದ್ರ ಹಿಡಿಯಂಗಿಲ್ಲ, ಜಾರ್ತೈತಿ.’

ಗೇರಿಗೆ ಸುತ್ತಲೂ ಇರುವುದು ಮುಂದಿನ ಹಲ್ಲು. ಪಕ್ಕದಲ್ಲಿ ಕೆಲವು ದಪ್ಪ ದವಡೆ ಹಲ್ಲುಗಳಿರುತ್ತವೆ. ಪಕ್ಕದ ಗೇರನ್ನು ಕಚ್ಚಿ ಹಿಡಿಯುವುದು ಅವೇ. ಅವುಗಳ ಅಂಚು ದುಂಡಗಾದರೆ ಹಿಡಿತ ಜಾರುತ್ತದೆ. ಸಾಬರು ಬೆರಳಾಡಿಸಿ ನೋಡಿ, ‘ಅವ್ವಾರು ಪಾಸ್ ಆಗ್ಯಾರ್ರಿ, ನೀವು ಫೇಲು’ ಎಂದರು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಗೇರ್‌ಬಾಕ್ಸಿಗೂ ಸಲ್ಲುತ್ತದೆ ಎಂದು ನನಗೆ ಆಗ ತಿಳಿಯಿತು. ಇದರ ಹಲ್ಲು ಗಟ್ಟಿಯಿದ್ದಾಗಲೇ ನೌಕರಿಯಿಂದಾಗಿ ನನಗೆ ತಿರುಗಲು ಪುರಸೊತ್ತಿಲ್ಲದಾಯಿತು. ಈಗ ಬೇಕಾದಷ್ಟು ಪುರಸೊತ್ತಿದೆ.

ಅದಕ್ಕೆ ಬದಲಿ ಗೇರನ್ನು ಹುಡುಕಿ ಒಂದು ವಾರ ಅಲೆದೆ. ಕೊನೆಗೆ ಮಲಾಡ್‌ನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಸಿಕ್ಕಿತು. ಮಾಲೀಕ ಕನ್ನಡಕದ ಮೇಲಿಂದ ನೋಡಿ, ‘ಅಸಲಿ ಚಾಹಿಯೇ, ಯಾ ಚಲ್ನೇವಾಲಾ?’ ಎಂದು ಕೇಳಿದ. ಇಷ್ಟು ದೊಡ್ಡ ಪ್ರಶ್ನೆಯನ್ನು ಇಷ್ಟು ಸಲೀಸಾಗಿ ಯಾರೂ ನನಗೆ ಕೇಳಿರಲಿಲ್ಲ. ಅಸಲಿ ಬೇಡ, ನಡೆಯುವುದನ್ನೇ ಕೊಡು ಎಂದೆ.

ಶುಕ್ರವಾರ, ಅಂದರೆ ಗಡುವಿನ ಹಿಂದಿನ ದಿನ, ಸಾಬರು ಪೇಟಿ ಜೋಡಿಸಿದರು. ಜೋಡಿಸಿದ ಮೇಲೆ ಒಂದು ತುಣುಕೂ ಉಳಿಯಲಿಲ್ಲ. ಬಿಚ್ಚಿ ಜೋಡಿಸಿದ ಯಂತ್ರದಲ್ಲಿ ಎರಡಾದರೂ ಬೋಲ್ಟು ಉಳಿಯುವುದು ಲೋಕರೂಢಿ; ನಮ್ಮಲ್ಲಿ ಏನೂ ಉಳಿಯದ್ದಕ್ಕೆ ನಾವಿಬ್ಬರೂ ಬೀಗಿದೆವು. ಕಿಕ್ ಹೊಡೆದೆ. ಮೊದಲ ಗೇರು ಬಿತ್ತು. ಎರಡನೆಯದಕ್ಕೆ ಒತ್ತಿದೆ. ಗೇಟು ದಾಟುವ ಮೊದಲೇ ‘ಖಟ್’.

ಸಾಬರು ಮುಚ್ಚಳ ಬಿಚ್ಚಿ ಶಾಫ್ಟನ್ನು ಹಿಡಿದು ಹಿಂದೆ ಮುಂದೆ ಎಳೆದರು. ‘ಅಲ್ಲಾಡಾಕತ್ತೈತಿ ನೋಡ್ರಿ. ಒಂದು ವಾಷರ್ ಕಮ್ಮಿ ಐತಿ. ಅದರ ಜಾಗಾ ಖಾಲಿ ಇದ್ದದ್ದಕ್ಕ ಗೇರು ಸರಿಯಾಕತ್ತೈತಿ.’

ಹೊಸ ವಾಷರು ಸಿಗುವ ಗಾಡಿಯಲ್ಲ. ಇಡೀ ಮಧ್ಯಾಹ್ನ ಹುಡುಕಿದೆವು. ಗ್ಯಾಲರಿಯ ಮೋರಿ, ಕಾಟಿನ ಅಡಿ, ಹುಣಸೆಹಣ್ಣಿನ ಭರಣಿ. ಅವ್ವ, ‘ನಾ ತಿಕ್ಕಿದ್ದೆಲ್ಲಾ ದೇವರ ಮುಂದಽ ಇಟ್ಟೀನಿ, ಒಂದೂ ಹೊರಗ ಹಾಕಿಲ್ಲ’ ಎಂದು ಆಣೆ ಮಾಡಿದಳು. ಸಾಬರು ನಾಳೆ ಬೆಳಿಗ್ಗೆ ನೋಡೋಣ ಎಂದು ಹೋದರು. ಅವರ ದನಿಯಲ್ಲಿ ನಾಳೆಯ ನಂಬಿಕೆಯೇನೂ ಇರಲಿಲ್ಲ. ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟೆ. ಮುಟ್ಟಿದರೆ ಅಳುವ ಹಾಗಿದ್ದೆ.

ಸಂಜೆಯಾಯಿತು. ಅವ್ವ ಜಗಲಿಯ ಮುಂದಿನ ಸಮೆ ಹಚ್ಚಲು ಬಂದಳು. ಸಮೆ ಎಂದರೆ ನಮ್ಮ ಕಡೆಯ ಹಿತ್ತಾಳೆಯ ಎತ್ತರದ ದೀಪ. ನೆಲದ ಹಾಸುಗಲ್ಲು ಒಂದು ಕಡೆ ತಗ್ಗಾದ್ದರಿಂದ ಅದು ಸದಾ ಅಲ್ಲಾಡುತ್ತಿತ್ತು. ಎಡಗೈಯಲ್ಲಿ ಹಿಡಿದುಕೊಂಡೇ ಬಲಗೈಯಲ್ಲಿ ಬತ್ತಿ ಹಚ್ಚಬೇಕು. ‘ಇದೊಂದು ಸರಿ ಮಾಡಿಕೊಡೋ’ ಎಂದು ಅವ್ವ ಎಷ್ಟು ವರ್ಷ ಹೇಳಿದ್ದಳೋ. ನಾಳೆ ಎಂದು ನಾನೂ ಅಷ್ಟೇ ವರ್ಷ ಹೇಳಿದ್ದೆ. ಅಂದು ಅವಳ ಎಡಗೈ ಸುಮ್ಮನೆ ಸೊಂಟದ ಮೇಲಿತ್ತು.

‘ಅವ್ವಾ, ಸಮೆ ಅಲ್ಲಾಡವಲ್ದಲ್ಲ?’

‘ಎಲ್ಲೈತಿ ಅಲ್ಲಾಡೂದು? ನಿನ್ನ ಹಾದಿ ನೋಡಿ ಸಾಕಾತು. ಖಂಡೆ ಪೂಜಿ ದಿನ ನಾನಽ ಅದರ ಬುಡಕ ಒಂದು ಕಬ್ಬಿಣದ ಬಿಲ್ಲಿ ಇಟ್ಟೆ.’

ಬಗ್ಗಿ ನೋಡಿದೆ. ದೀಪದ ಕೆಳಗಿಂದ ನನ್ನ ವಾಷರು ಇಣುಕುತ್ತಿತ್ತು. ಅವ್ವ ಸುಳ್ಳು ಹೇಳಿರಲಿಲ್ಲ. ದೇವರ ಮುಂದೆಯೇ ಇಟ್ಟಿದ್ದಳು. ವಾಷರೂ ತನ್ನ ಧರ್ಮ ಬಿಟ್ಟಿರಲಿಲ್ಲ. ಅಲ್ಲಾಡುವುದನ್ನು ನಿಲ್ಲಿಸುವುದೇ ಅದರ ಕೆಲಸ, ಅದನ್ನೇ ಅಲ್ಲೂ ಮಾಡುತ್ತಿತ್ತು. ಕೈ ಚಾಚಿದೆ. ಅವ್ವ ಕೈಗೆ ಮೆಲ್ಲಗೆ ಹೊಡೆದಳು. ‘ಹಚ್ಚಿದ ದೀಪ ಸರಿಸಬಾರದು. ತಾನಽ ಶಾಂತ ಆಗೂಮಟ ಕೂಡು.’

ಕೂತೆ. ಸಂಕಟ ಬಂದಾಗ ವೆಂಕಟರಮಣ ಎನ್ನುತ್ತಾರಲ್ಲ, ಹಾಗೆ ಒಂದು ತಾಸು ದೀಪದ ಎದುರು ಕಣ್ಣು ಕೀಳದೆ ಕೂತೆ. ಮದುವೆಯಾದಾಗಿನಿಂದ ನಾನು ದೇವರ ಮುಂದೆ ಅಷ್ಟು ಹೊತ್ತು ಕೂತದ್ದನ್ನು ನೋಡಿರದ ಸುಮಿತ್ರಾ ಎರಡು ಸಲ ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಆ ಒಂದು ತಾಸಿನಲ್ಲಿ ನಾನು ಜಪಿಸಿದ್ದು ಎಣ್ಣೆ ಬೇಗ ತೀರಲಿ ಎಂದು. ಆದರೆ ನಡುನಡುವೆ ಅವ್ವನ ಎಡಗೈಯೂ ನೆನಪಾಗಿ ನಾಚಿಕೆಯಾಯಿತು.

ಶನಿವಾರ ಮುಂಜಾನೆ ಸಾಬರು ವಾಷರನ್ನು ಅದರ ಜಾಗಕ್ಕೆ ಕೂರಿಸಿ ಪೇಟಿ ಮುಚ್ಚಿದರು. ಎಣ್ಣೆ ಹಾಕಿದರು. ಸೆಕ್ರೆಟರಿ ಗಡಿಯಾರ ನೋಡುತ್ತ ನಿಂತಿದ್ದರು. ಭಂಗಾರ್‌ವಾಲಾನ ಟೆಂಪೋ ಆಗಲೇ ಗೇಟಿನ ಹೊರಗೆ ಬಂದಿತ್ತು. ಅವ್ವ ಸುಮಿತ್ರಾಳ ಕೈ ಹಿಡಿದು ಕೆಳಗಿಳಿದು ಬಂದಳು. ಮೂರನೇ ಕಿಕ್ಕಿಗೆ ಗಾಡಿ ಎದ್ದಿತು. ಮೊದಲ ಗೇರು, ಗೇಟು. ಎರಡನೇ ಗೇರು, ಏರು. ನಾನು ‘ಖಟ್’ಗಾಗಿ ಕಾಯುತ್ತಲೇ ಇದ್ದೆ. ಅದು ಬರಲಿಲ್ಲ. ತುದಿ ಮುಟ್ಟಿ ತಿರುಗಿಸುವಾಗ ಕಣ್ಣು ತುಂಬಿ ಬಂತು. ಹೆಲ್ಮೆಟ್ ಇದ್ದದ್ದು ಒಳ್ಳೆಯದಾಯಿತು.

ವಾಪಸ್ ಬಂದು ಗೇಟಿನ ಒಳಗೆ ನಿಲ್ಲಿಸಿದೆ. ಭಂಗಾರ್‌ವಾಲಾ ಗಾಡಿಯನ್ನೊಮ್ಮೆ, ತನ್ನ ಕೈಯ ಹಗ್ಗವನ್ನೊಮ್ಮೆ ನೋಡಿ ಅವ್ವನನ್ನೇ ಕೇಳಿದ. ‘ಮಾಜೀ, ಭಂಗಾರ್ ಯಹೀ ಹೈ ನಾ?’

ಇಷ್ಟು ವರ್ಷದಲ್ಲಿ ಅವ್ವನಿಗೆ ಆ ಎರಡು ಮಾತುಗಳ ವ್ಯತ್ಯಾಸ ನನಗಿಂತ ಚೆನ್ನಾಗಿ ಗೊತ್ತು. ಆದರೂ ಗಾಡಿಯ ಸೀಟಿನ ಮೇಲೆ ಕೈಯಿಟ್ಟು, ‘ಹೂಂ ತಮ್ಮಾ, ಬಂಗಾರನಽ ಐತಿ. ಕೊಡಂಗಿಲ್ಲ’ ಎಂದಳು. ಅವನಿಗೆ ಏನು ತಿಳಿಯಿತೋ, ಹಗ್ಗ ಸುತ್ತಿಕೊಂಡು ಟೆಂಪೋ ಹತ್ತಿದ.

ಸೆಕ್ರೆಟರಿ ನನ್ನ ಕೈ ಕುಲುಕಿದರು. ಸಾಬರು ಬೆನ್ನು ತಟ್ಟಿದರು. ನಾನು ಹೆಲ್ಮೆಟ್ ತೆಗೆದು, ಇನ್ನೊಂದು ಸುತ್ತು ಹೋಗಿ ಬರಲೇ ಎಂಬಂತೆ ಅವ್ವನ ಮುಖ ನೋಡಿದೆ.

‘ಸುತ್ತು ಆಮ್ಯಾಲೆ’ ಎಂದಳು ಅವ್ವ. ‘ಮೊದಲ ಮ್ಯಾಲೆ ನಡಿ. ಸಮೆ ಮತ್ತ ಅಲ್ಲಾಡಾಕತ್ತೈತಿ.’